ಎಡಿ ತುಂಬೈತಿ, ಹೊಲದಾಗ ಸಜ್ಜಿ ಎಲ್ಲೈತಿ?

“ಸಜ್ಜಿ ಐತೇನ್ರಿ ಅಣ್ಣಾರ?”

“ಐತ್ರಿ ಅಕ್ಕಾರ. ಎಷ್ಟ್ ಕೊಡ್ಲಿ?”

“ಒಂದ್ ಕಿಲೋ ಸಾಕ್ರಿ. ಭೋಗಿಗೆ ಅಷ್ಟ ಬೇಕಾಗೂದು.”

ಜನವರಿ ಎರಡನೆಯ ವಾರ ಬಂತೆಂದರೆ ಸುರೇಬಾನದಂಥ ಊರುಗಳ ಕಿರಾಣಿ ಅಂಗಡಿಗಳ ಮುಂದೆ ಇಂಥ ಮಾತು ಶುರುವಾಗುತ್ತದೆ. ವರ್ಷದ ಹನ್ನೊಂದು ತಿಂಗಳು ಮೂಲೆಯಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದ ಸಜ್ಜಿ ಚೀಲ ನಾಲ್ಕು ದಿನ ಮುಂದಕ್ಕೆ ಬರುತ್ತದೆ. ಎಳ್ಳು, ಬೆಲ್ಲ, ಶೇಂಗಾ, ಒಣಕೊಬ್ಬರಿ, ಗುರೆಳ್ಳು ಅದರ ಅಕ್ಕಪಕ್ಕ ಕೂರುತ್ತವೆ. ಅಂಗಡಿಕಾರನಿಗೆ ತಕ್ಕಡಿ ಕೆಳಗಿಡಲು ಪುರುಸೊತ್ತಿಲ್ಲ.

ವ್ಯಾಪಾರ ಆಗುವುದು ಒಳ್ಳೆಯದೇ. ಆದರೆ ಸಜ್ಜಿ ಕೇಳುತ್ತ ಬರುವವರು ಯಾರು ಎಂದು ಒಮ್ಮೆ ನೋಡಬೇಕು. ನೌಕರಿಯವರು ಸ್ವಲ್ಪ ಜನ. ಉಳಿದವರಲ್ಲಿ ಎಷ್ಟೋ ಮಂದಿ ರೈತರ ಮನೆಯ ಹೆಣ್ಣುಮಕ್ಕಳು. ಹೊಲ ಇದ್ದವರು, ದನ ಇದ್ದವರು, ನಾಲ್ಕು ತಲೆಮಾರಿನಿಂದ ಮಣ್ಣು ನಂಬಿದವರು. ಅವರೇ ಕಿಲೋ ಲೆಕ್ಕದಲ್ಲಿ ಸಜ್ಜಿ ಕೊಳ್ಳುತ್ತಾರೆ. ಹಬ್ಬ ಹೊಲದ್ದು, ಸಾಮಾನು ಅಂಗಡಿಯದು! ಇದೊಂದು ಸಣ್ಣ ಮಾತು ಅನಿಸಬಹುದು. ಸಣ್ಣದಲ್ಲ.

ಶಬರಿಯ ಊರಿನ ಊಟ

ಸಂಕ್ರಾಂತಿ ಜನವರಿ 14ಕ್ಕೆ ಬರುತ್ತದೆ, ಕೆಲವು ವರ್ಷ 15ಕ್ಕೆ. ಅದರ ಹಿಂದಿನ ದಿನವೇ ಭೋಗಿ. ಆ ದಿನ ಎಳ್ಳು ಹಚ್ಚಿಕೊಂಡು ತಲೆಮೇಲೆ ನೀರು ಹಾಕಿಕೊಳ್ಳುವುದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವುದು, ಹೊಲದಲ್ಲಿ ಆ ಹೊತ್ತಿಗೆ ಬಂದ ಕಾಳು-ಕಾಯಿ ಎಲ್ಲ ಕೂಡಿಸಿ ಪಲ್ಯ ಮಾಡುವುದು, ದೇವರಿಗೆ ಎಡಿ ಹಿಡಿದು ಮನೆಮಂದಿ ಕೂಡಿ ಉಣ್ಣುವುದು. ಮರುದಿನ ಬುತ್ತಿ ಕಟ್ಟಿಕೊಂಡು ಹೊಳೆಗೋ ಕೊಳ್ಳಕ್ಕೋ ಹೋಗುವುದು. ಗಡಿಯಾಚೆ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರದ ಕಡೆಗೂ ಭೋಗಿಗೆ ಇದೇ ಊಟ. ಅವರು ಬಾಜರಿ ಭಾಕರಿ ಎನ್ನುತ್ತಾರೆ, ಇವರು ಸಜ್ಜಿ ರೊಟ್ಟಿ ಎನ್ನುತ್ತಾರೆ. ಹಂಚು ಬೇರೆ, ರುಚಿ ಒಂದೇ.

ಸುರೇಬಾನಕ್ಕೆ ಈ ಊಟದ ಮೇಲೆ ಉಳಿದ ಊರುಗಳಿಗಿಂತ ಒಂದು ಕೈ ಹೆಚ್ಚಿನ ಹಕ್ಕಿದೆ ಎಂದರೆ ತಪ್ಪಾಗಲಾರದು. ಊರ ಸಮೀಪದ ಗುಡ್ಡಗಳ ನಡುವೆ ಶಬರಿಕೊಳ್ಳವಿದೆ. ರಾಮನ ದಾರಿ ಕಾಯುತ್ತ ಶಬರಿ ಕೂತಿದ್ದು ಇಲ್ಲೇ ಎಂದು ಈ ಸೀಮೆಯ ಜನ ನಂಬಿಕೊಂಡು ಬಂದಿದ್ದಾರೆ. ಹಂಪಿಯ ಪಂಪಾ ಸರೋವರದ ಹತ್ತಿರವೂ ಶಬರಿಯ ಹೆಸರಿನ ಜಾಗವಿದೆ. ಅವರವರ ನಂಬಿಕೆ ಅವರವರದು. ವಾಲ್ಮೀಕಿ ರಾಮಾಯಣದಲ್ಲಿ ಶಬರಿ ಕಾಡಿನಲ್ಲಿ ಸಿಕ್ಕ ತಿನಿಸು ಕೂಡಿಸಿಟ್ಟು ಅತಿಥಿಗೆ ಕೊಟ್ಟಳೆಂದಿದೆ. ಕಚ್ಚಿ ನೋಡಿ ಸಿಹಿಯಾದದ್ದನ್ನಷ್ಟೇ ಕೊಟ್ಟ ಬಾರಿಹಣ್ಣಿನ ಕಥೆ ಆಮೇಲಿನವರು ಸೇರಿಸಿದ್ದು. ಜನರ ಬಾಯಲ್ಲಿ ಉಳಿದಿದ್ದು ಮಾತ್ರ ಆ ಬಾರಿಹಣ್ಣೇ.

ಅಂತೂ ಒಂದು ಮಾತು ನಿಜ. ಬಂದ ಅತಿಥಿ ರಾಜಕುಮಾರ. ಕೊಟ್ಟಾಕೆ ಬಡವಿ. ಕೊಟ್ಟಿದ್ದು ಕೊಂಡು ತಂದದ್ದಲ್ಲ, ಸುತ್ತಲಿನ ನೆಲ ಕೊಟ್ಟದ್ದು. ಬಾರಿಹಣ್ಣು ಗಿಡದಲ್ಲಿ ಹಣ್ಣಾಗುವ ಕಾಲವೂ ಈ ಸಂಕ್ರಾಂತಿ ಕಾಲವೇ. ಊರ ಹೆಸರಿನ ಮೂಲ ಏನೇ ಇರಲಿ, ಅದರ ಕೊನೆಗೆ ‘ಬಾನ’ವಂತೂ ಇದೆ. ದೇವರಿಗೆ ಎಡಿ ಮಾಡುವ ಅನ್ನಕ್ಕೆ ನಮ್ಮ ಸೀಮೆಯಲ್ಲಿ ಬಾನ ಎಂದೇ ಹೆಸರು.

ಎಡಿಯಲ್ಲಿ ಏನೇನು?

ಮೊದಲ ಗೌರವ ಸಜ್ಜಿ ರೊಟ್ಟಿಗೆ. ಇದು ಜೋಳದ ರೊಟ್ಟಿಯಷ್ಟು ಸಲೀಸಲ್ಲ. ಸಜ್ಜಿಯಲ್ಲಿ ಎಣ್ಣಿ ಅಂಶ ಜೋಳಕ್ಕಿಂತ ಹೆಚ್ಚು. ಬೀಸಿದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ. ಅದಕ್ಕೇ ಹಬ್ಬದ ಎರಡು ದಿನ ಮುಂಚೆ ಗಿರಣಿ ಮುಂದೆ ಡಬ್ಬಿಗಳ ಸಾಲು. ಗೋಧಿಗಿರುವ ಜಿಗಿ ಸಜ್ಜಿಗಿಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಬಿಸಿ ಆರುವ ಮುಂಚೆ ನಾದಬೇಕು. ಬಡಿಯುವ ಹೊತ್ತಿಗೆ ಮೇಲೆ ಬಿಳಿ ಎಳ್ಳು ಉದುರಿಸಿ ಅಂಗೈಯಿಂದ ಒತ್ತಬೇಕು. ಹಂಚಿನ ಮೇಲೆ ಹಾಕಿ ನೀರು ಸವರಿ, ತಿರುವಿ, ಅಂಚು ಒತ್ತಿ ಸುಡಬೇಕು. ಬಿಸಿ ಇದ್ದಾಗ ಬೆಣ್ಣಿ ಜೊತೆ ಒಂದು ರುಚಿ. ಕಡಕ್ ಮಾಡಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಎರಡನೆಯದು ಭೋಗಿ ಪಲ್ಯ. ಅವರಿಕಾಯಿ, ಹಸಿ ಕಡ್ಲಿ, ಹಸಿ ಬಟಾಣಿ, ಗಜ್ಜರಿ, ಬದನಿಕಾಯಿ, ಹಸಿ ಶೇಂಗಾ, ಉಳ್ಳಾಗಡ್ಡಿ ತಪ್ಪಲ. ಇವುಗಳಲ್ಲಿ ಏನು ಸಿಕ್ಕರೆ ಅದು. ಕಾಳು ಮೊದಲು ಬೇಯಬೇಕು, ಗಜ್ಜರಿ ನಂತರ, ಬದನಿಕಾಯಿ ಕೊನೆಗೆ. ಹುರಿದು ಕುಟ್ಟಿದ ಎಳ್ಳಿನ ಪುಡಿ ಬಿದ್ದ ಮೇಲೆಯೇ ಅದಕ್ಕೆ ಭೋಗಿ ಪಲ್ಯ ಎಂಬ ಹೆಸರು. ಈ ಪಲ್ಯಕ್ಕೆ ಒಂದೇ ತರದ ಕಾಯಿ ಹಾಕುವ ರೂಢಿ ಇಲ್ಲ. ಬಂದದ್ದೆಲ್ಲ ಕೂಡಬೇಕು.

ಮೂರನೆಯದು ಎಣಗಾಯಿ. ಅರ್ಧ ಕಿಲೋ ಎಳೆ ಬದನಿಕಾಯಿಗೆ ಒಂದು ಬಟ್ಟಲು ಹುರಿದ ಶೇಂಗಾ, ಎರಡು ಚಮಚ ಎಳ್ಳು, ಒಂದು ಚಮಚ ಗುರೆಳ್ಳು, ಒಂದು ತುಂಡು ಒಣಕೊಬ್ಬರಿ, ಲಿಂಬಿ ಗಾತ್ರದ ಹುಣಸಿಹಣ್ಣು, ಅಷ್ಟೇ ಬೆಲ್ಲ, ಎರಡು ಚಮಚ ಮಸಾಲಿ ಖಾರ, ರುಚಿಗೆ ಉಪ್ಪು. ತೊಟ್ಟು ತೆಗೆಯದೆ ಕಾಯಿಯನ್ನು ನಾಲ್ಕಾಗಿ ಸೀಳಿ, ಒಳಗೆ ಮಸಾಲಿ ತುಂಬಿ, ಎಣ್ಣಿಯಲ್ಲಿ ಸಣ್ಣ ಉರಿಗೆ ಬೇಯಿಸುವುದು. ನೀರು ಹೆಚ್ಚು ಹಾಕಿದರೆ ಅದು ಎಣಗಾಯಿ ಅಲ್ಲ, ಸಾರು!

ಇದರ ಸುತ್ತ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ. ಹಸಿ ಮೆಂತೆ, ಮೂಲಂಗಿ, ಸೌತಿಕಾಯಿ ಹೆಚ್ಚಿದ ಪಚಡಿ. ಹೆಸರಬ್ಯಾಳಿ ಹುಗ್ಗಿ. ಗಟ್ಟಿ ಮೊಸರು. ಸಿಹಿಗೆ ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ. ಎರಡು ಬಟ್ಟಲು ಹುರಿದ ಶೇಂಗಾಕ್ಕೆ ಒಂದೂವರೆ ಬಟ್ಟಲು ಬೆಲ್ಲ, ಸ್ವಲ್ಪ ಎಳ್ಳು, ಯಾಲಕ್ಕಿ ಕೂಡಿಸಿ ಕುಟ್ಟಿ ಹೂರಣ ಮಾಡಿದರೆ ಸಾಕು. ಕಡ್ಲಿಬ್ಯಾಳಿ ಹೋಳಿಗಿಯಂತೆ ಮರುದಿನಕ್ಕೆ ಹಳಸುವುದಿಲ್ಲ, ಬುತ್ತಿಗೆ ಅದೇ ಲಾಯಕ್ಕು. ಕೆಲವು ಮನೆಗಳಲ್ಲಿ ಗೋಧಿ, ಕಡ್ಲಿಬ್ಯಾಳಿ ಕೂಡಿಸಿ ತರಿಯಾಗಿ ಬೀಸಿ ಮಾದಲಿ ಮಾಡುತ್ತಾರೆ. ಬೆಲ್ಲ, ಪುಟಾಣಿ, ಗಸಗಸಿ, ಕೊಬ್ಬರಿ ಬೆರೆಸಿ, ಹಾಲು-ತುಪ್ಪ ಹಾಕಿಕೊಂಡು ಉಣ್ಣುವ ಮಾದಲಿ.

ಮಾಂಸವಿಲ್ಲ, ಕೊರತೆಯೂ ಇಲ್ಲ

ಇಷ್ಟೆಲ್ಲ ಹೇಳಿದ ಮೇಲೆ ಇದರಲ್ಲಿ ಮಾಂಸ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಮಾಂಸ ಉಣ್ಣುವ ಮನೆಗಳಲ್ಲೂ ಆ ದಿನ ಕೇಳುವವರಿಲ್ಲ. ಅದಕ್ಕೆ ಬೇರೆ ದಿನಗಳಿವೆ. ಭೋಗಿ ಊಟ ಯಾರಿಗೋ ಉಪವಾಸ ಹೇರಿದ ಊಟವಲ್ಲ, ಹೊಟ್ಟೆ ತುಂಬ ಉಣ್ಣುವ ಊಟ.

ಪೌಷ್ಟಿಕಾಂಶದ ಲೆಕ್ಕ ಹಾಕುವವರೂ ಇದನ್ನು ಒಪ್ಪುತ್ತಾರೆ. ಬರೇ ರೊಟ್ಟಿಯಲ್ಲಿರುವ ಪ್ರೋಟೀನು ಪೂರ್ತಿ ಅಲ್ಲ, ಬರೇ ಕಾಳಿನದೂ ಪೂರ್ತಿ ಅಲ್ಲ. ಒಂದರಲ್ಲಿ ಕಡಿಮೆ ಬಿದ್ದದ್ದನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ-ಕಾಳುಪಲ್ಯ ಕೂಡಿ ಉಂಡರೆ ಲೆಕ್ಕ ಸರಿಹೋಗುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಎಳ್ಳಿನಲ್ಲಿ ಸುಣ್ಣದ ಅಂಶ, ಸಜ್ಜಿಯಲ್ಲಿ ಕಬ್ಬಿಣದ ಅಂಶ. ಆ ಕಬ್ಬಿಣ ಮೈಗೆ ಹತ್ತಬೇಕಾದರೆ ಹುಳಿ ಬೇಕು. ಲಿಂಬಿ ಹೋಳು, ಬಾರಿಹಣ್ಣು ಎಡಿಯ ಪಕ್ಕದಲ್ಲೇ ಇವೆ. ಚಳಿಗಾಲಕ್ಕೆ ಎಣ್ಣಿ ಅಂಶದ ಕಾಳು ಬೇಕು, ಅದೂ ಇದೆ. ಈ ಲೆಕ್ಕ ಪುಸ್ತಕಕ್ಕೆ ಬರುವ ಎಷ್ಟೋ ಮುಂಚೆ ಮುದುಕಿಯರ ಕೈಗೆ ಬಂದಿತ್ತು.

ಇನ್ನೊಂದು ಲಾಭ ಉಂಟು. ಈ ಊಟವನ್ನು ಯಾರ ಮನೆಗೂ ಒಯ್ದು ಕೊಡಬಹುದು. ಯಾರೂ ಬ್ಯಾಡ ಅನ್ನುವುದಿಲ್ಲ. ಪಕ್ಕದ ಮುಸಲ್ಮಾನರ ಮನೆಗೆ ಹೋಳಿಗಿ ಹೋಗುತ್ತದೆ, ಮೊಹರಂದಲ್ಲಿ ಅಲ್ಲಿಂದ ಗೋಧಿ-ಬೆಲ್ಲದ ಚೋಂಗೆ ಬರುತ್ತದೆ. ತಾಲ್ಲೂಕಿನ ನೇಕಾರ ಮನೆಗಳಲ್ಲಿ ಮಗ್ಗ ನಿಲ್ಲಿಸಿ ಉಂಡೆದ್ದವರು, ಹೊಲದಿಂದ ಬಂದವರು, ಅಂಗಡಿ ಬಾಗಿಲು ಅರ್ಧ ಎಳೆದು ಬಂದವರು, ಎಲ್ಲರ ಡಬ್ಬಿಯಲ್ಲೂ ಅದೇ ರೊಟ್ಟಿ, ಅದೇ ಪಲ್ಯ. “ನಾವು ನೀವು ಎಳ್ಳು ಬೆಲ್ಲದ್ಹಂಗ ಇರೋಣು” ಎಂದು ಕುಸುರೆಳ್ಳು ಕೊಡುವ ಮಾತಿಗೆ ಅರ್ಥ ಬರುವುದು ಹೀಗೆ. ಒಂದೇ ಸಾಲಿನಲ್ಲಿ ಎಲ್ಲರನ್ನೂ ಕೂರಿಸುವ ಊಟ ವರ್ಷಕ್ಕೆ ಎಷ್ಟು ಸಲ ಸಿಗುತ್ತದೆ?

ಹೊಲದಿಂದ ಅಂಗಡಿಗೆ

ಹಿಂದೆ ಈ ಎಡಿಯ ಸಾಮಾನು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಮುಂಗಾರಿಗೆ ಸಜ್ಜಿ, ಅದರ ನಡುವೆ ತೊಗರಿ. ಹೊಲದ ಅಂಚಿಗೆ ಗುರೆಳ್ಳು. ಹಿಂಗಾರಿ ಜೋಳದ ಹೊಲದಲ್ಲಿ ಕುಸುಬಿ, ಅಗಸಿ, ಕಡ್ಲಿ. ಮಡಕಿ, ಹೆಸರು, ಅವರಿ ಎಲ್ಲ ಅಕ್ಕಡಿ ಸಾಲಿನಲ್ಲಿ. ಮುಖ್ಯ ಬೆಳೆ ಮಾರಾಟಕ್ಕೆ, ಅಕ್ಕಡಿ ಕಾಳು ಮನೆಗೆ. ಆ ಅಕ್ಕಡಿ ಕಾಳಿನ ಗಡಿಗೆಗಳು ಹೆಂಗಸರ ಯಜಮಾನಿಕೆಯಲ್ಲಿದ್ದವು. ಬೀಜ ಆರಿಸಿ, ಬೂದಿ ಬೆರೆಸಿ, ಮುಂದಿನ ವರ್ಷಕ್ಕೆ ಎತ್ತಿಡುವವರೂ ಅವರೇ. ಭೋಗಿ ಪಲ್ಯಕ್ಕೆ ಏಳು ತರದ ಕಾಳು-ಕಾಯಿ ಬಿದ್ದದ್ದು ಶಾಸ್ತ್ರಕ್ಕಲ್ಲ, ಹೊಲದಲ್ಲಿ ಏಳು ತರ ಇದ್ದದ್ದಕ್ಕೆ.

1970ರ ದಶಕದಲ್ಲಿ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು. ನೀರು ಬಂದ ಕಡೆ ಬದುಕು ಬದಲಾಯಿತು. ಬದಲಾಗಬೇಕಾದದ್ದೇ. ಬರದಲ್ಲಿ ಗುಳೆ ಹೋಗಿ ಬಂದವರಿಗೆ ನೀರಿನ ಬೆಲೆ ಗೊತ್ತು. ಇಂದು ರಾಜ್ಯದಲ್ಲಿ ಕಬ್ಬು ಬೆಳೆಯುವ ಜಿಲ್ಲೆಗಳ ಮುಂಚೂಣಿಯಲ್ಲಿ ಬೆಳಗಾವಿ ಇದೆ. ನೀರು ಕಡಿಮೆ ಇದ್ದಲ್ಲಿ ಗೋವಿನಜೋಳ. ಕಬ್ಬಿಗೆ ಫ್ಯಾಕ್ಟರಿ ಇದೆ, ಗೋವಿನಜೋಳಕ್ಕೆ ಖರೀದಿದಾರನಿದ್ದಾನೆ. ಸಜ್ಜಿಗೆ ಯಾರಿದ್ದಾರೆ? ವರ್ಷಕ್ಕೊಮ್ಮೆ ಒಂದು ಕಿಲೋ ಕೇಳುವ ಅಕ್ಕಾರು!

ರೈತನ ಮೇಲೆ ತಪ್ಪು ಹೊರಿಸುವುದು ಸುಲಭ. ಮಕ್ಕಳ ಶಾಲೆ, ಮಗಳ ಮದುವೆ, ದವಾಖಾನಿ ಖರ್ಚು, ಸೊಸೈಟಿ ಸಾಲ ಇವುಗಳನ್ನು ಸಜ್ಜಿ ತೀರಿಸುವುದಿಲ್ಲ. ಆದರೆ ಕಬ್ಬು ನಿಂತ ಹೊಲದಲ್ಲಿ ಅಕ್ಕಡಿಗೆ ಜಾಗವಿಲ್ಲ. ಕಳೆನಾಶಕ ಹೊಡೆದ ಗೋವಿನಜೋಳದ ಹೊಲದಲ್ಲಿ ಹಕ್ಕರಕಿ ಪಲ್ಯ ಏಳುವುದಿಲ್ಲ. ಒಂದೊಂದು ಬೆಳೆ ಹೋದಾಗ ಒಂದೊಂದು ಪದಾರ್ಥ ಎಡಿಯಿಂದ ಎದ್ದು ಹೋಯಿತು. ಮೊದಲು ಹೋದದ್ದು ಹಕ್ಕರಕಿ. ಆಮೇಲೆ ಅಗಸಿ. ಈಗ ಸಜ್ಜಿಯ ಸರದಿ.

ಅತ್ತ ಲೋಕ ಇನ್ನೊಂದು ದಾರಿ ಹಿಡಿದಿದೆ. ಭಾರತದ ಕೋರಿಕೆಯ ಮೇಲೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿತು. ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಸಜ್ಜಿ ಹಿಟ್ಟು ಬಣ್ಣದ ಪಾಕೀಟಿನಲ್ಲಿ ಕೂತಿತು. ಬೆಂಗಳೂರಿನಲ್ಲಿ ಡಾಕ್ಟರ ಮಾತು ಕೇಳಿ ಸಜ್ಜಿ ಹುಡುಕುವವರಿದ್ದಾರೆ. ಸಜ್ಜಿ ಉಂಡೇ ಬೆಳೆದ ಊರಿನಲ್ಲಿ ಅದು ಭೋಗಿ ದಿನದ ಶಾಸ್ತ್ರಕ್ಕೆ ಬಂದು ನಿಂತಿದೆ. ಇದಕ್ಕೇನನ್ನಬೇಕು?

ರೊಟ್ಟಿ ಬಡಿಯುವ ಕೈ

ಹೊಲದ ಮಾತಾಯಿತು. ಒಲೆಯ ಮಾತು ಬಿಟ್ಟರೆ ಲೆಕ್ಕ ಪೂರ್ತಿಯಾಗದು.

ಹತ್ತು ಮಂದಿಯ ಮನೆ, ಹೆಣ್ಣುಮಕ್ಕಳು ತವರಿಗೆ ಬಂದಿದ್ದಾರೆ, ಮರುದಿನ ಬುತ್ತಿ ಬೇರೆ. ಐವತ್ತು ರೊಟ್ಟಿ ಏನೂ ಹೆಚ್ಚಲ್ಲ. ಒಲೆ ಮುಂದೆ ಕೂತವಳು ಬೆಳಗಿನ ನಾಲ್ಕಕ್ಕೆ ಕೂತರೆ ಏಳುವುದು ಹೊತ್ತೇರಿದ ಮೇಲೆ. ಹೊಗೆ, ಬಿಸಿ, ಸೊಂಟನೋವು. ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು, ಸೊಂಟ ಹೋಗಲಿಲ್ಲ. ಎಲ್ಲರೂ ಉಂಡು “ಭಾಳ ಛಲೋ ಆಗಿತ್ತು” ಎಂದು ಎಲಿ-ಅಡಿಕಿ ಹಾಕಿಕೊಳ್ಳುವ ಹೊತ್ತಿಗೆ ಆಕೆ ಆರಿದ ರೊಟ್ಟಿ, ತಳ ಹತ್ತಿದ ಎಣಗಾಯಿ ಮುಂದೆ ಕೂರುತ್ತಾಳೆ. ಹಿಂದಿನಿಂದ ಬಂದ ಪದ್ಧತಿ ಎಂದು ಹೊಗಳುವವರು ಇದನ್ನು ಹೇಳುವುದಿಲ್ಲ.

ಕಲಿತ ಸೊಸೆ “ಅತ್ತೀ, ರೊಟ್ಟಿ ತರಸೂಣೇನ್ರಿ?” ಎಂದು ಕೇಳಿದರೆ ಅದರಲ್ಲಿ ಸಿಟ್ಟಿಗೇಳುವಂಥದ್ದೇನೂ ಇಲ್ಲ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಂಗಸರೇ ಕೂಡಿ ರೊಟ್ಟಿ ಬಡಿದು ಮಾರುತ್ತಾರೆ. ಎಷ್ಟೋ ಮನೆಗಳ ಬದುಕು ಅದರ ಮೇಲೆ ನಡೆದಿದೆ. ಮನೆಯಲ್ಲಿ ಪುಕ್ಕಟೆ ಆಗುತ್ತಿದ್ದ ಕೆಲಸಕ್ಕೆ ಅಲ್ಲಿ ಕೂಲಿ ಸಿಗುತ್ತದೆ. ಅದು ಒಳ್ಳೆಯದೇ.

ಚಿಂತೆ ಬೇರೆ ಇದೆ. ಸಜ್ಜಿ ಹಿಟ್ಟಿಗೆ ಎಸರು ಎಷ್ಟು, ಎಣಗಾಯಿಗೆ ಉರಿ ಎಷ್ಟು ಎಂಬುದು ಬರೆದಿಟ್ಟ ವಿದ್ಯೆಯಲ್ಲ. ಕೈಯಿಂದ ಕೈಗೆ ಬಂದದ್ದು. ಕಲಿಸುವ ಕೈ ಮುದಿಯಾಗಿದೆ, ಕಲಿಯುವ ಕೈಗೆ ಪುರುಸೊತ್ತಿಲ್ಲ. ಮಗ್ಗದ ವಿದ್ಯೆ ಗಂಡುಮಕ್ಕಳಿಗೆ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ಮೊಬೈಲ್ ರಿಪೇರಿ ಬರುತ್ತದೆ. ರೊಟ್ಟಿ ಮಾತ್ರ ಬರುವುದಿಲ್ಲವೇ? ಖಾನಾವಳಿಗಳಲ್ಲಿ ಗಂಡಸರೂ ರೊಟ್ಟಿ ಬಡಿಯುತ್ತಾರೆ, ಯಾರ ಮರ್ಯಾದೆಯೂ ಹೋಗಿಲ್ಲ. ಭೋಗಿ ದಿನ ಮನೆಯ ಗಂಡಸರು ಬದನಿಕಾಯಿ ಸೀಳಿ, ಶೇಂಗಾ ಕುಟ್ಟಿ, ಹಂಚಿನ ಮುಂದೆ ಒಂದು ತಾಸು ಕೂತರೆ ಹಬ್ಬಕ್ಕೆ ಮೈಲಿಗೆ ಆಗದು. ಎಲ್ಲರೂ ಕೂಡಿ ಮಾಡಿದರೆ ಎಲ್ಲರೂ ಕೂಡಿ ಬಿಸಿ ರೊಟ್ಟಿ ಉಣ್ಣಬಹುದು.

ಬುತ್ತಿ ಹೊತ್ತ ಬಸ್ಸು

ಸಂಕ್ರಾಂತಿ ಮುಂಜಾನೆ ರಾಮದುರ್ಗ, ಸವದತ್ತಿ, ನರಗುಂದದ ಕಡೆಯ ಬಸ್ಸು ಹತ್ತಿದವರಿಗೆ ಬೇರೆ ಹೇಳಬೇಕಾಗಿಲ್ಲ. ಕಾಲಿಡಲು ಜಾಗವಿಲ್ಲ, ಆದರೆ ಬಸ್ಸೆಲ್ಲ ಎಳ್ಳಿನ ವಾಸನೆ! ಮಡಿಲಲ್ಲಿ ಡಬ್ಬಿ, ಸೀಟಿನ ಕೆಳಗೆ ಬುಟ್ಟಿ, ಮೇಲೆ ಬಿಳಿ ಅರಿವೆ ಕಟ್ಟಿದ ಬುತ್ತಿ ಗಂಟು. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಖರ್ಚಿಲ್ಲ. “ಹಬ್ಬಕ್ಕ ಬಾರವ್ವಾ” ಎಂದು ತವರಿನಿಂದ ಫೋನು ಬಂದರೆ ಬಾಡಿಗೆ ಲೆಕ್ಕ ಹಾಕುತ್ತ ಕೂರುವ ಕಾಲ ಹೋಯಿತು. ನಿಂತು ಹೋಗುವ ತ್ರಾಸು ಇದ್ದದ್ದೇ. ಆದರೂ ಹುಬ್ಬಳ್ಳಿಯ ಮಗಳ ಮನೆಗೆ, ಬೆಳಗಾವಿಯ ಮಗನ ಬಾಡಿಗೆ ಕೋಣೆಗೆ ಊರಿನ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಮುಟ್ಟುತ್ತಿವೆ.

ಪಟ್ಟಣದ ಮೊಮ್ಮಕ್ಕಳು ಮೊದಲ ತುತ್ತಿಗೆ ಮುಖ ಸೊಟ್ಟ ಮಾಡುತ್ತಾರೆ. ರೊಟ್ಟಿ ಬಿರುಸು, ಬಣ್ಣ ಕಪ್ಪು. ಅಜ್ಜಿ ಮೇಲೊಂದು ಬೆಣ್ಣಿ ಮುದ್ದಿ ಇಡುತ್ತಾಳೆ. ಎರಡನೆಯ ತುತ್ತಿಗೆ ಮಾತು ನಿಲ್ಲುತ್ತದೆ. ಮೂರನೆಯದಕ್ಕೆ “ಇನ್ನೊಂದ್ ಹಾಕ ಆಯೀ” ಎನ್ನುತ್ತಾರೆ. ನಾಲಿಗೆಗೆ ಗುರುತು ಹತ್ತಲು ಅಷ್ಟು ಸಾಕು. ಗುರುತೇ ಸಿಗದಿದ್ದರೆ ನಾಳೆ ಅಂಗಡಿಯಲ್ಲಿ ಸಜ್ಜಿ ಕೇಳುವವರೂ ಇರುವುದಿಲ್ಲ.

ಒಂದು ಸಾಲು ಸಾಕು

ಕಬ್ಬು ಕಿತ್ತು ಸಜ್ಜಿ ಬಿತ್ತಿರಿ ಎಂದು ಯಾರೂ ಹೇಳಲಾರರು. ಹೇಳಿದರೆ ಕೇಳುವವರೂ ಇಲ್ಲ. ಆದರೆ ಮುಂಗಾರಿ ಹೊಲದ ಬದುವಿನ ಗುಂಟ ನಾಲ್ಕು ಸಾಲು ಸಜ್ಜಿ, ಒಂದು ಸಾಲು ಗುರೆಳ್ಳು, ಹಿತ್ತಲಲ್ಲಿ ಒಂದು ಅವರಿ ಬಳ್ಳಿ, ಎರಡು ಬದನಿ ಗಿಡ. ಇಷ್ಟಕ್ಕೆ ಯಾವ ಸಾಲವೂ ಬೇಕಿಲ್ಲ. ಮನೆಯ ಭೋಗಿಗೆ ಸಾಕಾಗಿ ಪಕ್ಕದ ಮನೆಗೂ ಉಳಿಯುತ್ತದೆ.

ಅಂಗಡಿಕಾರರಿಗೂ ಇದರಲ್ಲಿ ಪಾಲಿದೆ. ಎಲ್ಲಿಂದಲೋ ಬಂದ ಸಜ್ಜಿ ಮಾರುವ ಬದಲು ಊರ ಸುತ್ತಲಿನ ರೈತ ಬೆಳೆದ ಎರಡು ಚೀಲ ಕೊಂಡು ಇಟ್ಟರೆ, “ಅಂಗಡ್ಯಾವ್ರು ತಗೊಂತಾರ” ಎಂಬ ಧೈರ್ಯಕ್ಕೆ ಮುಂದಿನ ವರ್ಷ ಇನ್ನೊಬ್ಬ ಬಿತ್ತುತ್ತಾನೆ. ಕೊಳ್ಳುವವರೂ ಭೋಗಿಗೆ ಒಂದು ಕಿಲೋ ಎನ್ನುವ ಬದಲು ಚಳಿಗಾಲ ಮುಗಿಯುವ ತನಕ ವಾರಕ್ಕೊಮ್ಮೆ ಸಜ್ಜಿ ರೊಟ್ಟಿ ಎಂದರೆ ಚೀಲ ಮೂಲೆಗೆ ಹೋಗುವುದಿಲ್ಲ.

ಶಬರಿ ಅತಿಥಿಗೆ ಕೊಟ್ಟದ್ದು ತನ್ನ ಸುತ್ತಲಿನ ನೆಲದ್ದು. ಕೊಳ್ಳದ ದಾರಿಯ ಬಾರಿಗಿಡಗಳಲ್ಲಿ ಈ ಸಂಕ್ರಾಂತಿಗೂ ಹಣ್ಣಾಗುತ್ತವೆ, ಅವುಗಳನ್ನು ಯಾರೂ ಬಿತ್ತಬೇಕಾಗಿಲ್ಲ. ಸಜ್ಜಿ ಹಾಗಲ್ಲ. ಯಾರಾದರೂ ಬಿತ್ತಿದರೆ ಮಾತ್ರ ಉಂಟು.